ಷರಾ: ತಂತಿ ಕಡಿದಿದೆ

ಮೂರು ವರ್ಷವಾಯಿತು, ಇನ್ನೂ ಎರಡನೆಯ ಅಧ್ಯಾಯ.
ಗಾಡಿಯ ಬೆನ್ನೇರಿದ ಟ್ಯಾಂಕುನಾಶಕ ಕ್ಷಿಪಣಿಗಳ ಚರಿತ್ರೆ.
ಯಾರು ಓದುತ್ತಾರೆ ಎಂದು ಕೇಳುವುದನ್ನೂ
ಹೆಂಡತಿ ಈಗ ಬಿಟ್ಟಿದ್ದಾಳೆ.
ಕೋಡಿಬಾಗದ ಈ ಕೋಣೆಯಲ್ಲಿ ಉಪ್ಪುಗಾಳಿ
ಟಾಚಣಿಗಳನ್ನೆಲ್ಲ ತಿಂದು
ಪ್ರತಿ ಹಾಳೆಯ ಮೂಲೆಗೂ ಒಂದು ಕಂದು ಬೊಟ್ಟು ಇಟ್ಟಿದೆ.

ಒಂದು ಪಟ: ಜೀಪು, ಮೇಲೆ ನಾಲ್ಕು ಪೆಟ್ಟಿಗೆ,
ಪಕ್ಕದಲ್ಲಿ ಟೊಪ್ಪಿಯಿಲ್ಲದ ಒಬ್ಬ, ನಗುತ್ತ.
ಒಂದು ಪುಸ್ತಕದ ಪ್ರಕಾರ ಅರವತ್ತೆಂಟನೆಯ ಇಸವಿ,
ಇನ್ನೊಂದರ ಪ್ರಕಾರ ಎಪ್ಪತ್ತೊಂದು.
ಮೂರನೆಯದರಲ್ಲಿ ಪಟ ಎಡಬಲ ಅದಲುಬದಲಾಗಿ ಅಚ್ಚಾಗಿದೆ,
ಸ್ಟೇರಿಂಗು ಎಡಕ್ಕೆ ಬಂದು
ಜೀಪು ಬೇರೆ ದೇಶದ್ದೇ ಆಗಿಹೋಗಿದೆ.

ಬೈತಕೋಲದಲ್ಲೊಂದು ಹಳೆಯ ಜೀಪು, ಸೈನ್ಯದ ಹರಾಜಿನದು,
ಈಗ ಐಸು ಹೊರುತ್ತದೆ. ತಳದ ತಗಡಿನಲ್ಲಿ ನಾಲ್ಕು ತೂತು.
ಮಂಡಿಯೂರಿ, ಟೇಪು ಹಿಡಿದು
ತೂತಿನಿಂದ ತೂತಿಗೆ ಅಳೆದೆ. ಕೈಗೆಲ್ಲ ಬಂಗಡೆಯ ಲೋಳೆ.
"ಪೆಟ್ಟಿಗೆಯ ಬೋಲ್ಟು ಕೂರಿಸಿದ್ದ ಜಾಗ ಇರಬಹುದು" ಎಂದೆ.
ಒಡತಿ ಸುಲಕ್ಷಾ ತಾಂಡೇಲ ಬುಟ್ಟಿ ಎಳೆಯುತ್ತಲೇ ಹೇಳಿದಳು:
"ಅದು ನೀರು ಹೋಗ್ಲಿಕ್ಕೆ. ನಮ್ಮ ಮಾವ ಕೊರೆಸಿದ್ದು."
ಎರಡನ್ನೂ ಬರೆದುಕೊಂಡೆ.
ಅಂಗುಲದ ಲೆಕ್ಕವೇನೋ ಹೊಂದುತ್ತಿತ್ತು,
ಮಾವ ಸತ್ತು ಹನ್ನೆರಡು ವರ್ಷ.

ಕಾಳಿಯ ಆಚೆ, ಸದಾಶಿವಗಡದಲ್ಲಿ, ಪುರ್ಸು ಗುನಗಿ,
ನಿವೃತ್ತ ಹವಾಲ್ದಾರರು, ಎಂಬತ್ತು ದಾಟಿದವರು.
ಪಟ ನೋಡಿದರು. "ನಾನಲ್ಲ. ನಗ್ಲಿಕ್ಕೆ ಅಲ್ಲಿ ಎಂತ ಇತ್ತು?"
ಕತ್ತಲೆ ಕೋಣೆಯಲ್ಲಿ ಒಂದು ಬೆಳಕಿನ ಚುಕ್ಕೆಯನ್ನು
ಬೆರಳುದ್ದದ ಕಡ್ಡಿಯಿಂದ ನಡೆಸುವ ಅಭ್ಯಾಸ,
ಸಾವಿರ ಸಲ, ಐದು ಸಾವಿರ ಸಲ.
ನಿಜವಾದದ್ದು ಇಡೀ ನೌಕರಿಯಲ್ಲಿ ಎರಡೇ.
ಒಂದರ ಬೆಲೆಗೆ ಆಗ ಈ ಓಣಿಯ ಮನೆಗಳೆಲ್ಲ ಬರುತ್ತಿದ್ದವಂತೆ.
"ಇಪ್ಪತ್ತು ಸೆಕೆಂಡು. ಕಣ್ಣು ಮಿಟುಕಿಸೋ ಹಾಗಿಲ್ಲ.
ಬಾಲದಲ್ಲಿ ಬೆಂಕಿ, ಹಿಂದೆ ಕೂದಲಿನಷ್ಟು ತಂತಿ,
ಬಿಚ್ಚಿಕೊಳ್ತಾ ಬಿಚ್ಚಿಕೊಳ್ತಾ ಹೋಗ್ತದೆ."

ಗಾಳದ ಹಾಗೆ, ಎಂದೆ. ಆ ಉಪಮೆ ದಾರಿಯಲ್ಲೇ,
ಸೇತುವೆಯ ಮೇಲೆ, ಬಸ್ಸಿನಲ್ಲಿ, ತಯಾರಾಗಿತ್ತು.
ಮುದುಕರು ತಲೆ ಅಲ್ಲಾಡಿಸಿದರು.
"ಗಾಳದಲ್ಲಿ ಮೀನೂ ಮಾತಾಡ್ತದೆ ಮಾರಾಯ್ರೆ, ಬೆರಳಿಗೆ ಗೊತ್ತಾಗ್ತದೆ.
ಇದರಲ್ಲಿ ನಾವು ಹೇಳೂದು ಮಾತ್ರ.
ಆಚೆಯಿಂದ ಎಂತದೂ ಬರೂದಿಲ್ಲ."
ಆ ಸಾಲು ಹೊಡೆದುಹಾಕಿದೆ.

ಮೊದಲನೆಯದು ತಾಗಿತು.
ಎರಡನೆಯದರ ವರದಿ ನನ್ನ ಬಳಿಯೇ ಇದೆ, ಕಾರ್ಬನ್ ಪ್ರತಿ:
ಮರುಭೂಮಿಯ ರೇಂಜು. ಗುರಿ, ಮರದ ಟ್ಯಾಂಕು.
ಫಲ: ಗುರಿ ತಪ್ಪಿದೆ. ಷರಾ: ತಂತಿ ಕಡಿದಿದೆ.
"ತಂತಿ ಕಡೀಲಿಲ್ಲ" ಎಂದರು ಪುರ್ಸು.
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.
ಸೊಸೆ ಚಹಾ ಇಟ್ಟು ಹೋದಳು.

ಹನ್ನೊಂದನೆಯ ಸೆಕೆಂಡಿಗೆ ಒಬ್ಬ ಹುಡುಗ,
ಮೇಕೆ ಹುಡುಕುತ್ತ, ಮರದ ಟ್ಯಾಂಕಿನ ಮರೆಯಿಂದ ಎದ್ದು ಬಂದ.
ಹೆಬ್ಬೆರಳು ಕೆಳಗೊತ್ತಿತು. ಮರಳು ಎದ್ದಿತು, ಬಿತ್ತು.
ಸಾಹೇಬರ ದುರ್ಬೀನೂ ಅದೇ ದಿಕ್ಕಿಗಿತ್ತು.
ಷರಾ ಬರೆದವರು ಅವರೇ.
ಹುಡುಗ ಓಡಲಿಲ್ಲ.
ಬಿದ್ದ ತಂತಿಯ ತುದಿ ಹುಡುಕಿ
ಮೊಳಕೈಗೆ ಸುತ್ತಿಕೊಳ್ಳತೊಡಗಿದ, ಮೇಕೆ ಕಟ್ಟಲಿಕ್ಕೋ ಏನೋ,
ಸುತ್ತುತ್ತ ಸುತ್ತುತ್ತ ಜೀಪಿನ ಕಡೆಗೇ ಬಂದ.

ನನ್ನ ಮೂರನೆಯ ಕೋಷ್ಟಕದಲ್ಲಿ ವೈಫಲ್ಯದ ಕಾರಣಗಳಿವೆ.
ಯಂತ್ರದೋಷ. ಹವಾಮಾನ. ನಡೆಸಿದವನ ತಪ್ಪು.
ತಂತಿ ಕಡಿದದ್ದು: ಏಳು.
ರಾತ್ರಿ ರಬ್ಬರು ತೆಗೆದು ಏಳನ್ನು ಆರು ಮಾಡಿದೆ,
ಉಳಿದ ಒಂದನ್ನು ಎಲ್ಲಿಡಲಿ ತಿಳಿಯದೆ
ಮತ್ತೆ ಏಳು ಬರೆದೆ.
ಆಮೇಲೆ ಆ ಮಿಕ್ಕ ಆರರ ಹೆಸರು, ಊರು
ಎಲ್ಲಾದರೂ ಸಿಕ್ಕೀತೇ ಎಂದು ಮೊದಲ ಕಡತದಿಂದ ಹುಡುಕತೊಡಗಿದೆ.