ಕಂಟಿನ್ಯುಯಿಟಿ ಪುಸ್ತಕ

ಮುಲುಂಡಿನ ಮೂರನೇ ಮಾಳಿಗೆ, ಹದಿನಾಲ್ಕು ದಿನದ ಬಾಡಿಗೆ.
ಬರೆದಿಡುವುದು ನನ್ನ ಕೆಲಸ:
ಸಾವಿಯೋ ಬಂದಾಗ ಅವಳ ಕಿವಿಗೆ ಬೆಳ್ಳಿ ಜುಮುಕಿ,
ಹೋರ್ಮುಜ್‌ಗೆ ಬರಿಗಿವಿ,
ಗುರುವಾರದ ಆ ಹುಡುಗ
(ಹೆಸರನ್ನೇ ಇಟ್ಟಿಲ್ಲ ನಿರ್ದೇಶಕಿ)
ಅವನೆದುರು ಒದ್ದೆ ಕೂದಲು, ಎಡಕ್ಕೆ ಬೈತಲೆ.

ದುಡ್ಡಿಲ್ಲದ ಸಿನಿಮಾ. ಇರುವುದೊಂದೇ ಹಾಸಿಗೆ,
ಮೂರು ಹೊದಿಕೆ.
ಬದಲಿಸುವವಳೂ ನಾನೇ.

ಮೊದಲ ದಿನವೇ ಮೂವರನ್ನೂ ಬಿಟ್ಟುಬಿಟ್ಟಳು.
ಬಾಗಿಲ ದೃಶ್ಯಗಳೆಲ್ಲ ಒಟ್ಟಿಗೆ,
ಬಿಸಿಲಿರುವಾಗಲೇ ಮುಗಿಯಬೇಕಿತ್ತು.
ಪರಿಚಯವಾದದ್ದು ಹನ್ನೊಂದನೇ ದಿನ,
ಲೋಕಲ್ ಟ್ರೇನಿನಲ್ಲಿ, ಪರವಾನಗಿಯಿಲ್ಲದೆ, ಕದ್ದು.

ಮುತ್ತಿನ ನಡುವೆ ಪಕ್ಕದ ಮನೆಯ ಕುಕ್ಕರ್ ಕೂಗಿತು.
ಮೂರು ಸೀಟಿ ಕಾದೆವು.
ಹೋರ್ಮುಜ್ ಕತ್ತು ಬಾಗಿಸಿಕೊಂಡೇ ನಿಂತಿದ್ದ, ಪಾಪ,
ಅವಳು ಅವನ ಹೆಗಲ ಮೇಲಿಂದ ಫೋನು ನೋಡುತ್ತಿದ್ದಳು.

ಮನೆಯೊಡತಿ ವಾರಿಜಕ್ಕ ಅಡುಗೆಮನೆ ಹೊಸ್ತಿಲಲ್ಲಿ
ಬೀನ್ಸಿನ ನಾರು ತೆಗೆಯುತ್ತ ಕೇಳಿದರು:
"ಮೂವರಲ್ಲಿ ಒಬ್ಬನಾದರೂ ಲೋಟ ತೊಳೀತಾನಾ?"
ಪುಟ ತಿರುವಿದೆ. ಹಿಂದಕ್ಕೆ, ಮತ್ತೂ ಹಿಂದಕ್ಕೆ.
ಇಲ್ಲ.
ನಿರ್ದೇಶಕಿಗೆ ಕೇಳಿಸಿತೋ ಏನೋ,
ಮರುದಿನ ಗುರುವಾರದವನ ಕೈಗೆ ನಾರು ಬಂತು, ಸಾಬೂನು ಬಂತು.
ಇನ್ನೂ ಹೆಸರು ಬರಲಿಲ್ಲ.

ಪ್ಯಾಕಪ್ ಆದ ಮೇಲೆ ಶರ್ವರಿ ಮೆಟ್ಟಿಲಲ್ಲಿ ಕೂತು
ವಡಾಪಾವ್ ತಿನ್ನುತ್ತಿದ್ದಳು.
ಒಂದು ಕಿವಿಯಲ್ಲಿ ಜುಮುಕಿ, ಇನ್ನೊಂದು ಖಾಲಿ,
ಬೈತಲೆ ಎಲ್ಲಿ ಹೋಗಿತ್ತೋ.
"ಈಗ ಯಾರು ಬರೋದು?" ಅಂದಳು, ತಮಾಷೆಗೆ.
ಯಾರೂ ಇಲ್ಲ, ಅಂದೆ.
"ಹಾಗಾದರೆ ನೀನು ಕೂತ್ಕೋ."

ಕೈ ಸುಮ್ಮನಿರದೆ ಅದನ್ನೂ ಬರೆದುಕೊಂಡೆ.
ದೃಶ್ಯಸಂಖ್ಯೆಯ ಚೌಕದಲ್ಲಿ
ಅವಳು ಚಾಚಿದ ಕರಿದ ಮೆಣಸಿನಕಾಯಿಯ
ಎಣ್ಣೆ ತೊಟ್ಟಿಕ್ಕಿತು.