ಎರಡು ಚುಕ್ಕಿ

ಜನವರಿಯ ರಾತ್ರಿ ಪಾಳಿ. ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ
ಹಗಲು ಅಂದರೆ ಹೊಸಿಲಲ್ಲೇ ನಿಂತು ಹೋಗುವ ನೆಂಟ.
ಕಿಟಕಿಯಾಚೆ ಬೆಟ್ಟ, ಬೆಟ್ಟದಲ್ಲಿ ಹನ್ನೊಂದು ಕಂಬ.
ಹಿಮದ ಆಳವನ್ನು ಹತ್ತು ನಿಮಿಷಕ್ಕೊಮ್ಮೆ
ನನ್ನ ಮೇಜಿಗೆ ಇಳಿಸುತ್ತವೆ.

ಏಳನೆಯ ಕಂಬ ಇನ್ನೂರ ಹದಿನಾಲ್ಕು ಅಂದಿತು.
ನಮ್ಮ ಸ್ಕ್ರಿಪ್ಟು, ಏನೂ ಇಲ್ಲ, ಮಲಗಿ ಅಂದಿತು.
ಬೆಟ್ಟದ ಬುಡದ ಕೊನೆಯ ಮನೆಯಿಂದ ಹಾಲ್‌ವೇಗ್ ಫೋನು ಮಾಡಿ
"ನಾಯಿ ಒಳಗೇ ಬರುತ್ತಿಲ್ಲ ಕಣೇ" ಅಂದಳು.

ಎಷ್ಟು ಆಳಕ್ಕೆ ಎಷ್ಟು ಭಯ ಎಂದು
ಯಾರೋ ಬರೆದಿಟ್ಟ ಕಡತ ಒಂದಿದೆ. ಹೆಸರು, ಮಿತಿ.
ಎಲ್ಲಿದೆಯೆಂದು ಸ್ಕ್ರಿಪ್ಟಿಗೆ ಗೊತ್ತಿಲ್ಲ,
ಗೊತ್ತಿರುವುದು ಹುಡುಕುವ ಬಗೆ ಮಾತ್ರ:
ನಿಂತಲ್ಲಿ ನೋಡು. ಇಲ್ಲವೇ, ಒಂದು ಮೆಟ್ಟಿಲು ಹತ್ತು.
ಅಲ್ಲಿ ನೋಡು. ಇಲ್ಲವೇ,

ಕೆಳಕ್ಕೆ ಹುಡುಕಲು ಸಿದ್ಧ ಆಜ್ಞೆ ಇದೆ;
ಮನೆಗೆ ನೂರು ಕೋಣೆಯಿದ್ದರೂ
ಒಂದೊಂದರ ಮಂಚದಡಿಯೂ ಗುಡಿಸಿ ಬರುತ್ತದೆ.
ಮೇಲಕ್ಕೆ ಅಂಥದ್ದಿಲ್ಲ. ಕೈಯಾರೆ ಬರೆಯಬೇಕು.
ಒಂದು ಚುಕ್ಕಿ ಎಂದರೆ ಇಲ್ಲಿ.
ಎರಡು ಚುಕ್ಕಿ ಎಂದರೆ
ಈ ಇಲ್ಲಿಯನ್ನು ಮಡಿಲಲ್ಲಿಟ್ಟುಕೊಂಡವರು, ಯಾರೇ ಆಗಿರಲಿ.

ನಮ್ಮಲ್ಲೂ ಹಾಗೆಯೇ. ಮನೆತನದ ಹೆಸರಿಲ್ಲ.
ನಾನು ಸಾಲ್ವೋರ್, ಹಾಫ್ಲಿದಿಯ ಮಗಳು.
ಅವನು ಕೇತಿಲ್ಲನ ಮಗ.
ಹೆಸರು ಒಂದೇ ಮೆಟ್ಟಿಲು ಹತ್ತುತ್ತದೆ,
ಆಮೇಲೆ ನಿಂತು, ಮತ್ತೆ ಕೇಳಬೇಕು.

ನಾನು ಕೇಳಿದೆ. ಪ್ರತಿ ಮೆಟ್ಟಿಲಲ್ಲೂ
ಎಲ್ಲಿದ್ದೀಯ, ಹೇಳಿ ಹೋಗು
ಎಂದು ಒಂದು ಸಾಲು ಸೇರಿಸಿ ಓಡಿಸಿದೆ.
ಎರಡನೆಯದರಲ್ಲೇ ನಿಂತುಬಿಟ್ಟಿತು.
ಸಿಕ್ಕಿತು ಅಂದಿತು. ಅದೂ ಖುಷಿಯಿಂದ.

ತೆರೆದರೆ, ಬೇಸಿಗೆಗೆ ಕಲಿಯಲು ಬಂದಿದ್ದ ಹುಡುಗ
ಏಯ್ವಿಂದುರ್ ಪರೀಕ್ಷೆಗೆಂದು ಮಾಡಿದ ನಕಲು.
ಮಿತಿ: ೯೯೯.
ಒಂಬತ್ತು ಮೀಟರಿನವರೆಗೂ ಭಯವಿಲ್ಲ!
ಅಳಿಸಲು ಮರೆತು, ಕಾಲೇಜಿಗೆ ಹೋದ.

ಕಂಕುಳಲ್ಲಿ ಕೂಸಿಟ್ಟುಕೊಂಡು
ಊರೆಲ್ಲ ಹುಡುಕಿದವಳನ್ನು ಕಂಡು ನಗುತ್ತಾರಲ್ಲ,
ನಾವು ಊರು ಹುಡುಕಲೇ ಇಲ್ಲ.
ಕಂಕುಳಲ್ಲಿದ್ದುದು ಯಾರ ಕೂಸೆಂದು ನೋಡದೆ
ಮೂರು ಚಳಿಗಾಲ ಮುದ್ದು ಮಾಡಿದೆವು.

ಅಳಿಸಲಿಲ್ಲ ನಾನು. ಕೈ ನಡುಗುವಾಗ ಏನನ್ನೂ ಅಳಿಸಬಾರದು.
ಹೆಸರಿನ ಮುಂದೆ 'ಹಳೆ' ಎಂದು ಹಚ್ಚಿದೆ, ಅಷ್ಟೆ.
ಮತ್ತೆ ಓಡಿಸಿದೆ.
ಮೂರು, ಇಲ್ಲ.
ನಾಲ್ಕು ಒಂದು ಕೊಂಡಿ, ಒಳಬಂದ ಬಾಗಿಲೇ ಬೇರೆ,
ಹೊರಗೆ ಕಾಲಿಟ್ಟ ಅಂಗಳವೇ ಬೇರೆ;
ದಿಕ್ಕು ತಪ್ಪಿ, ನಿಜವಾದ ದಾರಿ ಕೇಳಿ, ಮತ್ತೆ ಹತ್ತಿ
ಐದು. ಇಲ್ಲ.
ಆರು.

ಆರರಲ್ಲಿ ಇತ್ತು. ರಾಗ್ನ್‌ಹೇದುರ್ ಬರೆದದ್ದು,
ನಾನು ಸೇರುವ ಮೊದಲೇ ನಿವೃತ್ತಳಾದವಳು.
ಹನ್ನೊಂದು ಕಂಬಕ್ಕೆ ಹನ್ನೊಂದು ಅಂಕಿ, ಜೊತೆಗೆ
ಯಂತ್ರ ಓದದೆ ದಾಟಿಹೋಗುವ ಒಂದು ಸಾಲು:
"ಏಳನೆಯದು ನೂರ ಎಂಬತ್ತು ದಾಟಿದರೆ
ನನ್ನನ್ನೂ ಕೇಳಬೇಡಿ, ಇದನ್ನೂ ಕೇಳಬೇಡಿ.
ಕೊನೆಯ ಮನೆಯವರನ್ನು ಎಬ್ಬಿಸಿ."

ಎಬ್ಬಿಸಿದೆ. ಅವಳು ಎದ್ದೇ ಇದ್ದಳು.
ಹಾಲ್‌ವೇಗ್, ಗಂಡ, ಮೂವತ್ತು ಕುರಿ, ಆ ನಾಯಿ,
ಬೆಳಗಿನ ಜಾವಕ್ಕೆ ಎಲ್ಲರೂ ಶಾಲೆಯ ಆಟದ ಹಾಲಿನಲ್ಲಿ.
ಬೆಟ್ಟ ಆ ರಾತ್ರಿ ಜಾರಲಿಲ್ಲ. ಮಾರನೆಯ ರಾತ್ರಿಯೂ.
ಕುರಿ ಹಿಕ್ಕೆ ಬಳಿದ ಹೆಡ್‌ಮಾಸ್ತರರು
ಮೂರು ವಾರ ನನ್ನ ಕಂಡರೆ ರಸ್ತೆ ದಾಟಿ ನಡೆದರು.
ನಡೆಯಲಿ.

ನನಗೆ ಒಂದು ಕೆಲಸ ಬಾಕಿಯಿತ್ತು.
ಎಲ್ಲಕ್ಕೂ ಮೇಲೆ ಇರುವುದಕ್ಕೆ
ಅದೇಕೋ ಬೇರು ಎಂದೇ ಹೆಸರು.
ಅಲ್ಲಿ ನಿಂತು ಎರಡು ಚುಕ್ಕಿಯಿಟ್ಟು ಹತ್ತಿದರೆ
ಬೇರೆ ಏನೂ ಸಿಗದು, ಬೇರೇ ಸಿಗುತ್ತದೆ.
ತನ್ನ ಮಡಿಲಲ್ಲಿ ತಾನೇ ಕೂತದ್ದು.
ತಿಳಿಯದ ಸ್ಕ್ರಿಪ್ಟು ಅಲ್ಲೇ ಹತ್ತುತ್ತಿರುತ್ತದೆ,
ಹತ್ತುತ್ತಿದ್ದೇನೆಂದೇ ನಂಬಿ, ಬೆಳಗಿನವರೆಗೆ.

ಅದಕ್ಕೇ ಕೊನೆಗೆ ಹೀಗೆ ಬರೆದೆ:
ಬೇರು ಮುಟ್ಟಿದರೆ ನಿಲ್ಲು.
ಅಲ್ಲಿಯೂ ಇಲ್ಲದಿದ್ದರೆ, ಇಲ್ಲ ಅನ್ನು,
ಮಲಗಿ ಅನ್ನಬೇಡ.
ಪಾಳಿಯಲ್ಲಿ ಯಾರಿದ್ದಾರೋ ಅವರಿಗೆ ಕೇಳುವಷ್ಟು ಜೋರಾಗಿ
ಇಲ್ಲ ಅನ್ನು.