ಚಕ್ಕುಬಂದಿ

ದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರಿನ ಸಾಲಿನಲ್ಲಿ
ಮೂರನೇ ಶಟರು. ಕೆಲಸಕ್ಕೆ ಸೇರಿದ ಮೊದಲ ಸೋಮವಾರ
ಕಂಪ್ಯೂಟರ್ ಹೊತ್ತಿಸಿದರೆ ಕಣ್ಣಿಗೆ ಹೊಡೆದದ್ದು
ಕಡುಗಪ್ಪಿನ ಮೇಲೆ ಅರಿಶಿನದ ಅಕ್ಷರ,
ಒಂದೊಂದೂ ರೊಟ್ಟಿಯಗಲ.
ಬಾಣದ ಗುರುತೋ, ಹುಣಸೇಕಾಯಿ ಗಾತ್ರ.
ಕ್ರಯಪತ್ರ ಅನ್ನುವ ಪದವೊಂದೇ
ಪರದೆಯ ಈ ದಡದಿಂದ ಆ ದಡಕ್ಕೆ;
ಮುಂದಿನ ಪದ ಬೇಕೆಂದರೆ
ಬದುವಿನ ಮೇಲೆ ನಡೆದ ಹಾಗೆ ಅಡ್ಡಕ್ಕೆ ಸರಿಯಬೇಕು.

"ಹಿಂದೆ ಇದ್ದೋರು ಏನೇನೋ ಮಾಡಿಟ್ಟಾರೆ ಜಬೀನಾ,
ಕಂಪನಿಯಿಂದ ಬಂದಂಗೆ ಮಾಡಿಬಿಡು" ಅಂದರು ಷಡಾಕ್ಷರಿ,
ಪತ್ರಗಳ ಕಟ್ಟಿಗೆ ರಬ್ಬರ್ ಸುತ್ತುತ್ತ.

ಕಂಪನಿಯಿಂದ ಬಂದಂಗೆ.
ಹಾಗೆಂದರೆ ಯಾರ ಕಣ್ಣಿಗೆ ಹೊಂದಿದಂಗೆ?
ಕಂಪನಿಯವರು ಈ ಅಂಗಡಿ ನೋಡಿಲ್ಲ,
ಜೋಗಿಮಟ್ಟಿ ಕಡೆಗೆ ಇಳಿಯುವ ಬಿಸಿಲು ನೋಡಿಲ್ಲ.
ಇದೆಲ್ಲ ಆಮೇಲೆ ಹೊಳೆದ ಮಾತು. ಆಗ
ಕೆಲಸ ಉಳಿಸಿಕೊಳ್ಳುವ ಅವಸರ. ಒತ್ತಿದೆ.

ಅಕ್ಷರದ ಗಾತ್ರ, ನೂರಕ್ಕೆ ನೂರು.
ಬಣ್ಣ, ಮೊದಲಿನದು. ಬೆಳಕು, ಅರ್ಧ.
ಪರದೆ ಒಂದು ಗಳಿಗೆ ಸತ್ತು, ಎದ್ದು ಕೇಳಿತು:
ಈ ಬದಲಾವಣೆ ಇರಲೋ, ಬೇಡವೋ?
ಹದಿನೈದು ಸೆಕೆಂಡು. ಹದಿನಾಲ್ಕು.
ಸುಮ್ಮನಿದ್ದರೆ ಹಿಂದಿನದೇ ಬರುತ್ತದಂತೆ.
ಎಷ್ಟು ಮರ್ಯಾದಸ್ಥ ಯಂತ್ರ!
ನಾವು ಟೈಪು ಮಾಡುವ ಪತ್ರಗಳಲ್ಲಿ ಇಂಥ ಕಲಮಿಲ್ಲ.
ಬರೆದುಕೊಟ್ಟರೆ ಬರೆದುಕೊಟ್ಟ ಹಾಗೆ,
ನಾನಾಗಲಿ ನನ್ನ ವಾರಸುದಾರರಾಗಲಿ
ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ.
ಒಂಬತ್ತಕ್ಕೆ ಬಂದಾಗ 'ಇರಲಿ' ಒತ್ತಿದೆ.

ತಿಳಿನೀಲಿ. ಇರುವೆ ಸಾಲಿನಂಥ ಅಕ್ಷರ.
ಇಡೀ ಪುಟ ಒಂದೇ ನೋಟಕ್ಕೆ, ನಾಲ್ಕೂ ಅಂಚು:
ಪೂರ್ವಕ್ಕೆ ಗೋಡೆ, ಗೋಡೆಯ ಕ್ಯಾಲೆಂಡರು,
ಉತ್ತರಕ್ಕೆ ಜೆರಾಕ್ಸ್ ಮಿಷನ್ನು,
ದಕ್ಷಿಣಕ್ಕೆ ಷಡಾಕ್ಷರಿಯವರ ಮೇಜು,
ಪಶ್ಚಿಮಕ್ಕೆ ನಾನು, ನನ್ನ ಬೆನ್ನಿಗೆ ರಸ್ತೆ, ಆಚೆ ಕಲ್ಲುಗುಡ್ಡ.
ಈ ಮಧ್ಯೆ ಇರುವ ಸ್ವತ್ತಿಗೆ
ಯಾವ ಋಣಭಾರವೂ ಇಲ್ಲವೆಂದುಕೊಂಡೆ.

ಗುರುವಾರ, ನಾಲ್ಕು ಗಂಟೆ. ಒಳಗೆ ಬಿಸಿಲು ಬಂತು,
ಅದರ ಹಿಂದೆಯೇ ಪಾಲಯ್ಯ,
ಇಪ್ಪತ್ತೆರಡು ವರ್ಷ ಈ ಕುರ್ಚಿಯಲ್ಲಿದ್ದವರು.
ಹೊಸ್ತಿಲನ್ನು ಕಾಲಲ್ಲಿ ತಡವಿ,
"ಚಾಳೀಸಿನ ಡಬ್ಬಿ ಬಿಟ್ಟೋಗಿದ್ದೆ ಕಣವ್ವ."
ನಾನೆದ್ದೆ. ಕುರ್ಚಿಯೇ ಅವರನ್ನು ಎಳೆದು ಕೂರಿಸಿಕೊಂಡಿತು.
ಎಡಗೈ ಡ್ರಾಯರಿಗೆ, ಬಲಗೈ ಮೌಸಿಗೆ.
ಎರಡು ಸಲ ಆಡಿಸಿದರು.
ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು.
ಗಾಜಿನ ತುಂಬ ಬೆಳ್ಳಗೆ ಉರಿಯುವ ರಸ್ತೆ.
"ಕರೆಂಟ್ ಹೋಗೈತಾ?"

ಒಂದು ವರ್ಷ ನೂರಿಪ್ಪತ್ತೈದು, ಇನ್ನೊಂದು ವರ್ಷ ನೂರೈವತ್ತು,
ಇನ್ನೂರು; ಬಿಳಿ ಚುಚ್ಚತೊಡಗಿದ ಮೇಲೆ ಕಪ್ಪು,
ಕಪ್ಪಿನಲ್ಲಿ ಉಳಿದ ಒಂದೇ ಬಣ್ಣ ಅರಿಶಿನ.
ಮನೆಯಲ್ಲೂ ಹೇಳದೆ, ಷಡಾಕ್ಷರಿಗೂ ಹೇಳದೆ
ಸಂತೆಹೊಂಡದ ಮೆಟ್ಟಿಲಿನ ಹಾಗೆ
ಒಂದೊಂದೇ ಇಳಿದಿದ್ದರು ಮನುಷ್ಯ.
ಆ ಮೆಟ್ಟಿಲನ್ನೆಲ್ಲ ಸೋಮವಾರ
ಟೀ ಬರುವುದರೊಳಗೆ ಮುಚ್ಚಿದ್ದೆ.

ಷಡಾಕ್ಷರಿ ಬಾಯಿ ತೆರೆದರು. ನಾನು ಮೊದಲಾದೆ:
"ಹ್ಞೂ ಅಜ್ಜ, ಈಗಷ್ಟೇ ಹೋಯ್ತು."

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.
ಅವರು ಕತ್ತೆತ್ತಿ ಅದನ್ನು ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.
ನಾನು ಗೋಡೆಗೆ ಹೋಗಿ
ಸದ್ದಾಗದ ಹಾಗೆ ಅದರ ಸ್ವಿಚ್ಚು ಒತ್ತಿದೆ.
ರೆಕ್ಕೆಗಳು ನಿಲ್ಲಲು ಹೊತ್ತು ಹಿಡಿಯಿತು.
ಹದಿನೈದು, ಹದಿನಾಲ್ಕು,
ಮೂವರೂ ಬೆವರುತ್ತ ಕೂತೆವು.

"ಬರ್ತೈತೆ ಬಿಡವ್ವ" ಅಂದರು ಪಾಲಯ್ಯ,
ಡಬ್ಬಿ ಜೇಬಿಗಿಳಿಸಿ,
"ಹೋಗಿದ್ದು ಎಲ್ಲಿಗ್ ಹೋಗ್ತೈತೆ."